ಥಾರ್, ಚಿಕ್ಕಪ್ಪ ಮತ್ತು ಕಿರುಚುವ ಮೇಕೆಗಳು

'ಥಾರ್ ನೋಡ್ಕೊಂಡು ಬರೋಣ್ವಾ ಚಿಕ್ಕಪ್ಪ?' ಅಂತ ಕೇಳಿದ್ದಕ್ಕೆ ಚಿಕ್ಕಪ್ಪ, 'ಯಾಕೆ, ಬುಕ್ ಮಾಡ್ತಿದೀಯಾ? ಅದಕ್ಕೆ ವೇಟಿಂಗ್ ಜಾಸ್ತಿಯಂತಲ್ಲ' ಅಂದರು. ನಾನು ಹೇಳ್ತಿರೋದು ಮಹೀಂದ್ರ ಜೀಪಿನ ವಿಷಯ ಅಲ್ಲ, ಗುಡುಗಿನ ದೇವರ ವಿಷಯ ಅಂತ ಅರ್ಥ ಮಾಡಿಸೋ ಹೊತ್ತಿಗೆ ಕಾರು ಆನೇಕಲ್ ಬಿಟ್ಟು ಚಂದಾಪುರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. 'ಗುಡುಗಿನ ದೇವರು ಅಂದ್ರೆ ಇಂದ್ರನಾ?' 'ಹೆಚ್ಚು ಕಮ್ಮಿ ಇಂದ್ರನೇ. ವಜ್ರಾಯುಧದ ಬದಲು ಸುತ್ತಿಗೆ.' 'ಹಂಗಾದ್ರೆ ನಡಿ, ನೋಡೇಬಿಡೋಣ.'

ಇದು 2022ರ ಜುಲೈ. 'ಥಾರ್: ಲವ್ ಅಂಡ್ ಥಂಡರ್' ಇಲ್ಲಿ ಬಿಡುಗಡೆ ಆಗಿದ್ದು 7ನೇ ತಾರೀಕು, ಗುರುವಾರ. ನಾವು ಹೋಗಿದ್ದು ಅದರ ಮುಂದಿನ ವಾರ, ವಾರದ ಮಧ್ಯೆ, ಜನ ಇರದ ಬೆಳಗಿನ ಶೋಗೆ. ಕಾರಣ ಇತ್ತು. ಚಿಕ್ಕಪ್ಪನಿಗೆ ಆಗ ಲಿಂಫೋಮಕ್ಕೆ ಕೀಮೋ ನಡೀತಿತ್ತು. 21 ದಿನಕ್ಕೊಂದರಂತೆ ಆರು ಸೈಕಲ್, ಅದರಲ್ಲಿ ನಾಲ್ಕು ಮುಗಿದಿತ್ತು. ಮೂರನೇ ವಾರ ಬಂದರೆ ರಕ್ತದ ಕೌಂಟ್ ಸ್ವಲ್ಪ ಸುಧಾರಿಸುತ್ತೆ, ಆಗ ಮಾಸ್ಕ್ ಹಾಕಿಕೊಂಡು ಗುಂಪಿಲ್ಲದ ಕಡೆ ಓಡಾಡಬಹುದು ಅಂತ ಡಾಕ್ಟರು ಹೇಳಿದ್ದರು. ನನಗೆ ವರ್ಕ್ ಫ್ರಮ್ ಹೋಮ್. ಹಾಗಾಗಿ ಆಸ್ಪತ್ರೆಗೆ ಕರ್ಕೊಂಡು ಹೋಗೋದೂ ನಾನೇ, ಸಿನಿಮಾಕ್ಕೂ ನಾನೇ. ಜಿಗಣಿಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದ ಮನುಷ್ಯ ಹಗಲೆಲ್ಲ ಮನೇಲಿ ಗೋಡೆ ನೋಡ್ಕೊಂಡು ಕೂತಿರೋದನ್ನ ನೋಡೋಕೆ ಆಗ್ತಿರಲಿಲ್ಲ.

ಹೊಸೂರು ರಸ್ತೆಯ ಮಾಲಿನಲ್ಲಿ ನಮ್ಮ ಟೈಮಿಗೆ ಸಿಕ್ಕಿದ್ದು ಇಂಗ್ಲಿಷ್ ಶೋ. ಚಿಕ್ಕಪ್ಪನಿಗೆ ಮೆಷಿನ್ ಮ್ಯಾನ್ಯುಯಲ್ ಓದುವಷ್ಟು ಇಂಗ್ಲಿಷ್ ಬರುತ್ತೆ, ಆಸ್ಟ್ರೇಲಿಯಾದವನು ದೇವರ ಗತ್ತಿನಲ್ಲಿ ಮಾತಾಡಿದರೆ ತಿಳಿಯಲ್ಲ. ಹಾಲ್‌ನಲ್ಲಿ ಹನ್ನೆರಡು ಜನ ಇದ್ದರೋ ಇಲ್ಲವೋ. ನಾನು ಅವರ ಕಿವಿಗೆ ಬಾಗಿ ಅನುವಾದ ಶುರುಮಾಡಿದೆ. ಈ ಸಿನಿಮಾದ ಬಗ್ಗೆ ನನಗಿರೋ ಅಭಿಪ್ರಾಯವೆಲ್ಲ ಹುಟ್ಟಿದ್ದು ಆ ಅನುವಾದದಲ್ಲೇ.

ಮೊದಲ ಹತ್ತು ನಿಮಿಷ ನನಗೆ ಕೆಲಸವೇ ಇರಲಿಲ್ಲ. ಬಿರುಕು ಬಿಟ್ಟ ನೆಲ, ಒಬ್ಬ ಅಪ್ಪ, ತೋಳಿನಲ್ಲಿ ಬಾಯಾರಿ ಸಾಯ್ತಿರೋ ಮಗಳು. ಗೋರ್ ಪಾತ್ರದ ಕ್ರಿಶ್ಚಿಯನ್ ಬೇಲ್ ದೇವರನ್ನು ಬೇಡ್ತಾನೆ. ಮಗಳು ಸಾಯ್ತಾಳೆ. ತನ್ನ ಕೈಯ್ಯಾರೆ ಹೂಳ್ತಾನೆ. ಆಮೇಲೆ ಹಸಿರು ತೋಟವೊಂದರಲ್ಲಿ ಹಣ್ಣು ಮೆಲ್ಲುತ್ತಾ ಕೂತ ತನ್ನ ದೇವರೇ ಎದುರು ಸಿಕ್ತಾನೆ. ಆ ರಾಪು ಅನ್ನೋ ದೇವರು ಇವನ ಕಥೆ ಕೇಳಿ ನಗ್ತಾನೆ. ಸತ್ತ ಮೇಲೆ ಸಿಗೋ ಫಲವೂ ಇಲ್ಲ ಏನೂ ಇಲ್ಲ, ನೀವು ಹೋದರೆ ಪೂಜೆಗೆ ಇನ್ನೊಂದಷ್ಟು ಜನ ಬರ್ತಾರೆ ಅಂತಾನೆ. ಕತ್ತಿ ಗೋರ್‌ನ ಕೈಗೆ ಬರುತ್ತೆ, ದೇವರ ಕತ್ತು ಸೀಳುತ್ತೆ. ಲೋಕದ ದೇವರನ್ನೆಲ್ಲ ಕೊಲ್ತೀನಿ ಅಂತ ಅವನು ಶಪಥ ಮಾಡೋ ಹೊತ್ತಿಗೆ ಚಿಕ್ಕಪ್ಪ ಸೀಟಿನ ತುದಿಗೆ ಬಂದಿದ್ದರು. ಒಂದು ಪ್ರಶ್ನೆ ಇಲ್ಲ. 'ಸರಿಯಾಗಿ ಮಾಡಿದ' ಅಂತ ಮಾತ್ರ ಮಾಸ್ಕಿನೊಳಗೇ ಅಂದರು.

ಅಲ್ಲಿಂದ ಮುಂದೆ ನನ್ನ ಕೆಲಸ ಶುರು. ಥಾರ್ ಬರ್ತಾನೆ, ಗನ್ಸ್ ಎನ್ ರೋಸಸ್ ಹಾಡು ಬರುತ್ತೆ, ಎರಡು ವಾಹನಗಳ ನಡುವೆ ಕಾಲು ಚಾಚಿ ನಿಲ್ತಾನೆ. ಅವನು ಕಾಪಾಡೋಕೆ ಬಂದಿರೋ ಜನರ ದೇವರುಗಳು ಗೋರ್‌ನ ಕೈಲಿ ಸತ್ತಿದ್ದಾರೆ, ಆ ಜನ ಅನಾಥರಾಗಿದ್ದಾರೆ, ಅವರಿಗೆ ಉಳಿದಿರೋದು ಒಂದು ಗುಡಿ ಮಾತ್ರ. ಥಾರ್ ಶತ್ರುಗಳನ್ನ ಹೊಡೀತಾನೆ, ಹೊಡೆದಾಟದಲ್ಲಿ ಗುಡಿಯೂ ಕುಸಿದು ಬೀಳುತ್ತೆ. ಜನ ಬಾಯಿಬಿಟ್ಕೊಂಡು ನಿಲ್ತಾರೆ. ಇದು ಜೋಕು. ಚಿಕ್ಕಪ್ಪ ನನ್ನ ಕಡೆ ತಿರುಗಿ, 'ಈಗ ನಗಬೇಕಾ?' ಅಂತ ಕೇಳಿದರು. ವ್ಯಂಗ್ಯ ಅಲ್ಲ, ಪಾಪ, ನಿಜವಾಗ್ಲೂ ಕೇಳಿದ್ದು.

ಆಮೇಲೆ ಮೇಕೆಗಳು. ಆ ಜನ ಥಾರ್‌ಗೆ ಎರಡು ದೈತ್ಯ ಮೇಕೆ ಉಡುಗೊರೆ ಕೊಡ್ತಾರೆ, ಅವು ಮನುಷ್ಯರ ಹಾಗೆ ಕಿರುಚುತ್ತವೆ. ಥಾರ್‌ನ ರಥಕ್ಕೆ ಮೇಕೆ ಕಟ್ಟೋದು ನಾರ್ವೆ ಕಡೆಯ ಪುರಾಣದಲ್ಲೇ ಇದೆ, ಅದರಲ್ಲಿ ತಪ್ಪಿಲ್ಲ. ಕಿರುಚಾಟ ಮಾತ್ರ ಇಂಟರ್ನೆಟ್ಟಿನ ಹಳೇ ಮೀಮ್. ಮೊದಲ ಸಲ ನಾನು ನಕ್ಕೆ, ಸುಳ್ಳು ಹೇಳಲ್ಲ. ಎರಡನೇ ಸಲ ಮುಗುಳ್ನಕ್ಕೆ. ಆಮೇಲೂ ಕಿರುಚಿದವು, ಇನ್ನೂ ಕಿರುಚಿದವು. ನಮ್ಮ ಬೀದೀಲಿ ಹಬ್ಬಕ್ಕೆ ತಂದು ಕಟ್ಟಿಹಾಕಿದ ಮೇಕೆಯೂ ಇಷ್ಟು ಕಿರುಚಿರಲಿಲ್ಲ. ಅದಕ್ಕಾದರೂ ಕಿರುಚೋಕೆ ಕಾರಣ ಇತ್ತು.

ನನ್ನ ತಕರಾರು ಹಾಸ್ಯ ಜಾಸ್ತಿ ಆಯ್ತು ಅಂತಷ್ಟೇ ಅಲ್ಲ. ಈ ಸಿನಿಮಾ ತನ್ನ ಮೊದಲ ದೃಶ್ಯದಲ್ಲೇ ಏನು ಹೇಳಿತು? ಮಗಳನ್ನು ಮಣ್ಣು ಮಾಡಿ ಬಂದವನ ಎದುರು ದೇವರಾದವನು ನಕ್ಕರೆ ಅದು ಕೊಲೆಗೆ ಅರ್ಹವಾದ ಪಾಪ ಅಂತ. ಅಷ್ಟು ಹೇಳಿ, ಉಳಿದ ಸಮಯವನ್ನೆಲ್ಲ ಸಿನಿಮಾ ತಾನೇ ರಾಪು ಆಗಿ ಕಳೀತು. ಗೆಳತಿ ಸಿಫ್ ಒಂದು ಕೈ ಕಡಿಸಿಕೊಂಡು ಹಿಮದಲ್ಲಿ ಬಿದ್ದಿದ್ದಾಳೆ, ಯುದ್ಧದಲ್ಲೇ ಸತ್ತು ವಲ್ಹಲ್ಲಾ ಸೇರ್ತೀನಿ ಅಂತಾಳೆ. ಥಾರ್, ನೀನು ಬದುಕಿಬಿಟ್ಟಿದೀಯಲ್ಲ, ನಿನ್ನ ಕೈ ಮಾತ್ರ ಅಲ್ಲಿಗೆ ಹೋಗಿರಬಹುದು ಅಂತಾನೆ. ಮಕ್ಕಳನ್ನು ಕದ್ದೊಯ್ದು ಪಂಜರದಲ್ಲಿ ಇಟ್ಟಿದ್ದಾರೆ, ಅಲ್ಲೂ ಜೋಕು. ಅಪಹರಣ ಆದ ಊರಿನಲ್ಲಿ ಜನ ಸೇರಿದ್ದಾರೆ, ಅಲ್ಲೂ ಜೋಕು. ಹಾಸ್ಯ ಎಷ್ಟು ಅನ್ನೋದಕ್ಕಿಂತ, ಯಾರ ಎದುರು ನಿಂತು ನಗ್ತಿದೀವಿ ಅನ್ನೋ ಎಚ್ಚರವೇ ಇಲ್ಲ ಅನ್ನೋದು ನನ್ನ ಕಷ್ಟ.

ನನ್ನನ್ನ ಗಂಟುಮುಖದ ವಿಮರ್ಶಕ ಅಂದ್ಕೋಬೇಡಿ. ತೈಕಾ ವೈಟಿಟಿ ನಿರ್ದೇಶಿಸಿದ 'ರಾಗ್ನರಾಕ್' ಅನ್ನು 2017ರಲ್ಲಿ ಎರಡು ಸಲ ನೋಡಿದ್ದೆ. 2011ರ, 2013ರ ಥಾರ್‌ಗಳಿಗೆ ಇಲ್ಲದ ಜೀವ ಬಂದಿದ್ದೇ ಅಲ್ಲಿ. ಅದರಲ್ಲೂ ಜೋಕು ತುಂಬಿತ್ತು. ಆದರೆ ನಗ್ತಾ ನಗ್ತಾನೇ ಅವನು ಅಪ್ಪನನ್ನ ಕಳ್ಕೊಂಡ, ಸುತ್ತಿಗೆ ಕಳ್ಕೊಂಡ, ಒಂದು ಕಣ್ಣು ಕಳ್ಕೊಂಡ, ಕೊನೆಗೆ ಊರನ್ನೇ ಕಳ್ಕೊಂಡ. ಮರುವರ್ಷ 'ಇನ್ಫಿನಿಟಿ ವಾರ್'ನಲ್ಲಿ ಒಂದು ದೃಶ್ಯ ಇದೆ, ನೆನಪಿದೆಯಾ? ಥಾರ್ ಆ ರಾಕೂನ್ ರಾಕೆಟ್ ಪಕ್ಕ ಕೂತು ತಮ್ಮ, ಅಪ್ಪ, ಅಮ್ಮ, ಸ್ನೇಹಿತ ಎಲ್ಲ ಸತ್ತ ಲೆಕ್ಕ ಒಪ್ಪಿಸ್ತಾನೆ. ಮುಖದಲ್ಲಿ ನಗು, ಕಣ್ಣಲ್ಲಿ ನೀರು. ಕ್ರಿಸ್ ಹೆಮ್ಸ್‌ವರ್ತ್ ಎಂಥ ನಟ ಅಂತ ಅವತ್ತು ಗೊತ್ತಾಯ್ತು. ಅಲ್ಲಿ ನಗುತ್ತಿದ್ದವನು ಪೆಟ್ಟು ತಿಂದವನು. ಪಕ್ಕದಲ್ಲಿ ನಿಂತು ನೋಡುವವನಲ್ಲ.

ಈ ವ್ಯತ್ಯಾಸ ನನಗಿಂತ ಚಿಕ್ಕಪ್ಪನಿಗೆ ಚೆನ್ನಾಗಿ ಗೊತ್ತು. ಯಾಕಂದ್ರೆ ಅವರೇ ಹಳೇ ಭೀಮ.

ನಮ್ಮ ಕಡೆ ಹಳ್ಳಿಗಳಲ್ಲಿ ಈಗಲೂ 'ಕುರುಕ್ಷೇತ್ರ' ನಾಟಕ ಆಡ್ತಾರೆ, ನೀವು ನೈಸ್ ರಸ್ತೆ ಆಚೆ ಈಚೆ ಇರೋರಾದರೆ ಫ್ಲೆಕ್ಸ್ ಆದರೂ ನೋಡಿರ್ತೀರಿ. ಪಾತ್ರಧಾರಿಗಳ ಫೋಟೋ ಸಾಲು, ಕಿರೀಟ, ಮೀಸೆ, ಕೂಲಿಂಗ್ ಗ್ಲಾಸು. ನಟರಿಗೆ ದುಡ್ಡು ಕೊಡಲ್ಲ, ನಟರೇ ದುಡ್ಡು ಕೊಟ್ಟು ಪಾತ್ರ ತಗೋತಾರೆ. ದುರ್ಯೋಧನ, ಕೃಷ್ಣ, ಭೀಮನಿಗೆ ರೇಟು ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಮಾಡಿಸ್ತಾರೆ. ಸೀನರಿ, ಡ್ರೆಸ್ಸು, ಟೋಪನ್ನು ಎಲ್ಲ ಬಾಡಿಗೆಗೆ ಬರುತ್ತೆ. ರಾತ್ರಿ ಶುರುವಾದರೆ ದುರ್ಯೋಧನನ ತೊಡೆ ಮುರಿಯೋ ಹೊತ್ತಿಗೆ ಬೆಳಕು ಹರಿಯುತ್ತೆ. ಚಿಕ್ಕಪ್ಪ ಒಂದು ವರ್ಷದ ಬೋನಸ್ಸು ಪೂರ್ತಿ ಭೀಮನಿಗೆ ಸುರಿದಿದ್ದರು, ಚಿಕ್ಕಮ್ಮ ಅದನ್ನ ಈವರೆಗೂ ಮರೆತಿಲ್ಲ.

ನಾನಾಗ ಎಂಟನೇ ಕ್ಲಾಸು. ಗದಾಯುದ್ಧ ನಡೀತಿದೆ. ಭೀಮ ಗದೆ ಬೀಸಿದ, ಗದೆಯ ತಲೆ ಕಳಚಿ ಉರುಳಿಕೊಂಡು ಹೋಗಿ ಮೇಷ್ಟ್ರ ಹಾರ್ಮೋನಿಯಂಗೆ ಬಡಿಯಿತು. ಕೈಯಲ್ಲಿ ಉಳಿದಿದ್ದು ಬರೀ ಕೋಲು. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ದುರ್ಯೋಧನನೂ ನಕ್ಕ, ಪಂಚರ್ ಅಂಗಡಿಯವನು, ಅವನ ಮೀಸೆ ಅರ್ಧ ಕಿತ್ತು ಬಂತು. ಚಿಕ್ಕಪ್ಪನಿಗೂ ನಗು ಬಂದಿತ್ತು, ನಾನು ಮುಂದೆಯೇ ಕೂತು ನೋಡ್ತಿದ್ದೆ. ಒಂದು ಕ್ಷಣ ಕೋಲು ನೋಡಿದರು. ಎಸೆದರು. 'ಗದೆ ಮುರಿದರೆ ಮುರೀಲಿ, ನನ್ನ ಹೆಂಡತಿ ಮುಡಿ ಇನ್ನೂ ಬಿಚ್ಚೇ ಇದೆ' ಅಂತ ಹೇಳಿ ಬರಿಗೈಯಲ್ಲಿ ಅವನ ಮೇಲೆ ನಡೆದರು. ಯಾವ ಪುಸ್ತಕದಲ್ಲೂ ಇಲ್ಲದ ಮಾತು, ಆ ಕ್ಷಣಕ್ಕೆ ಬಾಯಿಗೆ ಬಂದಿದ್ದು. ನಗು ಟಪ್ ಅಂತ ನಿಂತಿತು. ಪಂಚರ್ ಅಂಗಡಿಯವನ ಮುಖದಲ್ಲಿ ನಿಜವಾದ ಭಯ ಕಂಡೆ. ಆ ನಗು ಬಾರದೇ ಹೋಗಿದ್ದರೆ ಆ ಮಾತಿಗೆ ಅಷ್ಟು ಬಲ ಬರ್ತಿತ್ತೋ ಇಲ್ಲವೋ.

'ಲವ್ ಅಂಡ್ ಥಂಡರ್'ನಲ್ಲಿ ಗದೆಯ ತಲೆ ಪ್ರತಿ ಐದು ನಿಮಿಷಕ್ಕೆ ಕಳಚಿ ಬೀಳುತ್ತೆ. ಕೋಲು ಎಸೆದು ಮುಂದಕ್ಕೆ ನಡೆಯೋನು ಯಾರೂ ಇಲ್ಲ.

ಇದ್ದಾಳೆ, ಒಬ್ಬಳು. ಜೇನ್ ಫಾಸ್ಟರ್. ನಟಾಲಿ ಪೋರ್ಟ್‌ಮನ್‌ಳ ಈ ಪಾತ್ರಕ್ಕೆ ನಾಲ್ಕನೇ ಹಂತದ ಕ್ಯಾನ್ಸರ್. ಹಿಂದೆ ಯಾವತ್ತೋ ಥಾರ್ ತನ್ನ ಸುತ್ತಿಗೆಗೆ ಇವಳನ್ನ ಕಾಪಾಡು ಅಂತ ಹೇಳಿದ್ದನಂತೆ. ಒಡೆದು ಚೂರಾಗಿದ್ದ ಸುತ್ತಿಗೆ ಆ ಮಾತಿಗೆ ಕಟ್ಟುಬಿದ್ದು ಮತ್ತೆ ಒಂದಾಗಿ ಇವಳ ಕೈಗೆ ಬರುತ್ತೆ. ಹಿಡಿದಾಗ ಇವಳೇ ಥಾರ್, ಆಕಾಶದಲ್ಲಿ ಹಾರ್ತಾಳೆ. ಕೆಳಗಿಟ್ಟರೆ ಮೊದಲಿಗಿಂತ ಹೆಚ್ಚು ನಿತ್ರಾಣ. ಸುತ್ತಿಗೆ ಕೊಡೋ ಬಲವೇ ರೋಗದ ಜೊತೆ ಹೋರಾಡೋ ಬಲವನ್ನ ಹೀರ್ತಿದೆ.

ಇದನ್ನ ನಾನು ಅನುವಾದ ಮಾಡೋ ಮೊದಲೇ ಚಿಕ್ಕಪ್ಪ ತಲೆ ಆಡಿಸಿದರು. ಅವರ ಕೀಮೋದಲ್ಲಿ ಮೊದಲ ಐದು ದಿನ ಸ್ಟೆರಾಯ್ಡ್ ಮಾತ್ರೆ ಇರ್ತಿತ್ತು. ಆ ಐದು ದಿನ ಅವರು ಭೀಮನೇ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸ್ಕೂಟರ್ ಬಿಚ್ಚಿ ಹರಡಿಕೊಂಡು ಕೂತಿರೋರು, ಮೂರು ಸಲ ಊಟ ಕೇಳೋರು. ಮಾತ್ರೆ ನಿಂತ ಆರನೇ ದಿನ ಹಾಸಿಗೆಯಿಂದ ಏಳೋಕಾಗದೆ, ಹರಡಿದ ಸ್ಕೂಟರನ್ನ ನಾನು ಮೂಟೆ ಕಟ್ಟಿ ಇಡ್ತಿದ್ದೆ. ಹಾಲಿವುಡ್ಡಿನ ಇಷ್ಟು ದುಡ್ಡಿನ ಸಿನಿಮಾವೊಂದು ಈ ಅನುಭವಕ್ಕೆ ಒಂದು ಸರಿಯಾದ ರೂಪಕ ಹುಡುಕಿಕೊಟ್ಟಿತ್ತು. ಹುಡುಕಿದ್ದು ಸಿನಿಮಾದವರಲ್ಲ ಅನ್ನಿ. ಜೇಸನ್ ಆರನ್ ಬರೆದ ಕಾಮಿಕ್ಸ್‌ನಲ್ಲಿ ಜೇನ್ ಥಾರ್ ಆಗಿದ್ದು 2014ರಲ್ಲಿ. ಅಲ್ಲಿ ಇನ್ನೂ ಕ್ರೂರ: ಸುತ್ತಿಗೆ ಹಿಡಿದು ರೂಪ ಬದಲಾದಾಗಲೆಲ್ಲ ದೇಹ ಕೀಮೋ ಔಷಧಿಯನ್ನೇ ವಿಷ ಅಂತ ಹೊರಗೆ ಹಾಕುತ್ತೆ, ಕ್ಯಾನ್ಸರ್ ಮಾತ್ರ ಹಾಗೇ ಉಳಿಯುತ್ತೆ. ಗೋರ್ ಕೂಡ ಆರನ್‌ನವನೇ, 2012ರಲ್ಲಿ ಶುರುವಾದ ಸರಣಿಯವನು. ಒಂದೊಂದೂ ಹಲವು ಸಂಚಿಕೆಗಳುದ್ದಕ್ಕೂ ಹರಿದ ಕಥೆ. ಆ ಎರಡನ್ನೂ 119 ನಿಮಿಷಕ್ಕೆ ತುರುಕಿ, ನಡುವೆ ಮೇಕೆಗೂ ಜಾಗ ಮಾಡಿದ್ದಾರೆ.

ಆಶ್ಚರ್ಯ ಅಂದ್ರೆ ಸಿನಿಮಾದ ಒಳ್ಳೇ ಹಾಸ್ಯ ಇರೋದು ಕೀಮೋ ವಾರ್ಡಿನಲ್ಲೇ. ಜೇನ್ ಡ್ರಿಪ್ ಹಾಕಿಸಿಕೊಂಡು ಕೂತಿದ್ದಾಳೆ, ಪಕ್ಕದ ಪೇಷೆಂಟ್ ಅವಳೇ ಬರೆದ ಪುಸ್ತಕ ಓದ್ತಿದ್ದಾನೆ. ಇವಳು ಪುಟ ಮಡಚಿ ತೂತು ಮಾಡಿ ಆಕಾಶದ ಸುರಂಗದ ಸಿದ್ಧಾಂತ ವಿವರಿಸ್ತಾಳೆ. ಚಿಕ್ಕಪ್ಪ ಇಡೀ ಸಿನಿಮಾದಲ್ಲಿ ಮನಸಾರೆ ನಕ್ಕಿದ್ದು ಅಲ್ಲಿ ಮಾತ್ರ. ಆ ವಾರ್ಡು ಅವರಿಗೆ ಗೊತ್ತು. ಅಲ್ಲಿ ಜನ ನಗ್ತಾರೆ, ಹೊರಗಿನವರಿಗೆ ನಂಬಿಕೆ ಬರಲ್ಲ. ಎರಡನೇ ಸೈಕಲ್ ಆದಮೇಲೆ ಕೂದಲು ಹಿಡಿ ಹಿಡಿಯಾಗಿ ಬಂದಾಗ ನಾನು ಮುಖ ತಿರುಗಿಸಿದ್ದೆ. 'ಬಿಡು ಮಗಾ, ಇನ್ಮೇಲೆ ಟೋಪನ್ನು ಚೆನ್ನಾಗಿ ಕೂತ್ಕೊಳುತ್ತೆ' ಅಂದಿದ್ದು ಅವರು. ಅದು ಅವರು ಮಾಡಬಹುದಾದ ಜೋಕು. ಅದನ್ನೇ ನಾನು ಮಾಡಿದ್ದರೆ ಚಿಕ್ಕಮ್ಮ ನನ್ನ ಕಪಾಳಕ್ಕೆ ಕೊಡ್ತಿದ್ದರು, ಕೊಡಬೇಕಿತ್ತು.

ಸ್ಯೂಸ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ದೇವರುಗಳ ಮಹಾಸಭೆ, ರಸೆಲ್ ಕ್ರೋ ಗಿರಕಿ ಹೊಡೆಯುತ್ತಾ ಬರ್ತಾನೆ, ಥಾರ್‌ನ ಬಟ್ಟೆ ಹಾರಿಸ್ತಾನೆ, ಸಹಾಯ ಮಾಡಲ್ಲ ಅಂತಾನೆ. ಹಾಗಾದರೆ ಗೋರ್ ಹೇಳಿದ್ದೇ ನಿಜ ಆಯ್ತಲ್ಲ? ಭಕ್ತರು ಸತ್ತರೆ ದೇವರುಗಳಿಗೆ ಏನೂ ಅಲ್ಲ. ಇಷ್ಟು ದೊಡ್ಡ ಪ್ರಶ್ನೆ ನಡುಮನೆಗೆ ಬಂದು ಕೂತಿದೆ, ಸಿನಿಮಾ ಅದಕ್ಕೆ ಕಾಫಿ ಕೂಡ ಕೊಡದೆ ಕಳಿಸುತ್ತೆ. ಹೆಸರು ಮಾತ್ರ ದೇವರುಗಳ ಕಟುಕ, ರಾಪು ಒಬ್ಬನನ್ನ ಬಿಟ್ಟರೆ ಅವನು ಕಡಿಯೋದನ್ನ ನಾವು ನೋಡೋದೂ ಇಲ್ಲ. ಬರೀ ಹೆಣ ನೋಡ್ತೀವಿ.

ಒಂದು ಕಡೆ ಮಾತ್ರ ಸಿನಿಮಾ ಬಾಯಿ ಮುಚ್ಚುತ್ತೆ. ನೆರಳಿನ ಲೋಕದ ದೃಶ್ಯ. ಅಲ್ಲಿಗೆ ಹೋದ ತಕ್ಷಣ ಬಣ್ಣವೆಲ್ಲ ಹೋಗಿ ಪರದೆ ಕಪ್ಪುಬಿಳುಪಾಗುತ್ತೆ, ಆಯುಧ ಬೆಳಗಿದಲ್ಲಿ ಮಾತ್ರ ಚೂರು ಬಣ್ಣ. ಗೋರ್ ಮೂವರನ್ನೂ ಕಟ್ಟಿಹಾಕಿ ಒಬ್ಬೊಬ್ಬರ ಗಾಯವನ್ನೂ ಮುಟ್ಟಿ ಮುಟ್ಟಿ ನೋಡ್ತಾನೆ. ಜೇನ್ ಹತ್ತಿರ ಬಂದು, ನಿನಗೂ ದೇವರು ಏನೂ ಮಾಡಲಿಲ್ಲ ಅಲ್ವಾ ಅನ್ನೋ ಅರ್ಥದಲ್ಲಿ ಮಾತಾಡ್ತಾನೆ. ಬೇಲ್ ಇಲ್ಲಿ ಬೇರೆಯೇ ಸಿನಿಮಾದಲ್ಲಿದ್ದಾನೆ, ಆ ಸಿನಿಮಾ ನಾನು ನೋಡಬೇಕಿತ್ತು. ಹಾಲ್‌ನಲ್ಲಿ ಪಾಪ್‌ಕಾರ್ನ್ ಸದ್ದು ನಿಂತಿತ್ತು. ನನ್ನ ಅನುವಾದವೂ ನಿಂತಿತ್ತು. ಆಗ ನನಗೆ ಹೊಳೆದದ್ದು: ಈ ಸಿನಿಮಾದ ದುಃಖಕ್ಕೆ ಅನುವಾದ ಬೇಕಾಗ್ತಿಲ್ಲ, ಜೋಕಿಗೆ ಪ್ರತಿ ಸಲ ಬೇಕಾಗ್ತಿದೆ, ಕಿವಿಗೆ ತಲುಪೋ ಹೊತ್ತಿಗೆ ಜೋಕು ಸತ್ತಿರುತ್ತೆ.

ವೈಟಿಟಿಗೆ ನಗು ನಿಲ್ಲಿಸೋಕೆ ಬರಲ್ಲ ಅಂತಲ್ಲ. 'ಜೋಜೋ ರಾಬಿಟ್' ನೋಡಿ, 2019ರದ್ದು, ಚಿತ್ರಕಥೆಗೆ ಆಸ್ಕರ್ ಬಂತು. ಹಿಟ್ಲರನನ್ನೇ ಕೋಡಂಗಿ ಮಾಡಿ ಕುಣಿಸಿದ ಸಿನಿಮಾ. ಅದರ ಮಧ್ಯೆ ಹುಡುಗ ಒಂದು ಜೊತೆ ಬೂಟು ನೋಡ್ತಾನೆ. ಅಷ್ಟೇ. ಆಮೇಲೆ ಸುಮಾರು ಹೊತ್ತು ಯಾರೂ ಜೋಕು ಮಾಡಲ್ಲ. ಆ ಬೂಟಿನ ಮುಂದೆ ಸುಮ್ಮನಾಗೋಕೆ ಗೊತ್ತಿದ್ದ ಮನುಷ್ಯ ಜೇನ್‌ಳ ಆಸ್ಪತ್ರೆ ಹಾಸಿಗೆ ಮುಂದೆ ಯಾಕೆ ಚಡಪಡಿಸಿದ?

ದುಡ್ಡಿನ ಮಾತೂ ಅಲ್ಲ. ಅದೇ ಸಮಯದಲ್ಲಿ ನಾನೂ ಚಿಕ್ಕಪ್ಪನೂ ನೆಟ್‌ಫ್ಲಿಕ್ಸ್‌ನಲ್ಲಿ ಬೇಸಿಲ್ ಜೋಸೆಫ್‌ನ 'ಮಿನ್ನಲ್ ಮುರಳಿ' ನೋಡಿದ್ದೆವು. ಕೇರಳದ ಟೈಲರ್ ಒಬ್ಬನಿಗೆ ಸಿಡಿಲು ಹೊಡೆದು ಶಕ್ತಿ ಬರೋ ಕಥೆ, ಉದ್ದಕ್ಕೂ ತಮಾಷೆ. ಆದರೆ ಅದೇ ಸಿಡಿಲು ತಗುಲಿದ ಶಿಬು ತಾನು ಜೀವಮಾನವಿಡೀ ಕಾದ ಹೆಣ್ಣನ್ನ ಕಳೆದುಕೊಂಡಾಗ ಗುರು ಸೋಮಸುಂದರಂ ಅಳೋ ಹೊತ್ತಿನಲ್ಲಿ ಒಬ್ಬನೇ ಒಬ್ಬ ಅಡ್ಡ ಬಂದು ಹಲ್ಲು ಕಿರಿಯಲ್ಲ. ಇನ್ನೂ ಹಿಂದಕ್ಕೆ ಹೋದರೆ 1965ರ 'ಸತ್ಯ ಹರಿಶ್ಚಂದ್ರ'. ನರಸಿಂಹರಾಜು ಅವರ ನಕ್ಷತ್ರಿಕ ನಗಿಸ್ತಾನೆ, ಸರಿ. ಆದರೆ ಅವನು ಯಾರು? ಸಾಲ ವಸೂಲಿಗೆ ಬೆನ್ನು ಬಿದ್ದವನು, ಈಗಿನ ರಿಕವರಿ ಏಜೆಂಟು. ಅವನು ಕಾಟ ಕೊಟ್ಟಷ್ಟೂ ನಾವು ನಗ್ತೀವಿ, ರಾಜ್‌ಕುಮಾರ್ ಕುಗ್ತಾ ಹೋಗ್ತಾರೆ. ಇಎಂಐ ಕಟ್ಟೋ ಎಲ್ಲರೂ ಆ ಪಾತ್ರವನ್ನ ಇನ್ನೊಮ್ಮೆ ನೋಡಬೇಕು.

ನನಗೆ ಈ ಸಿನಿಮಾದ ಮೇಲೆ ಇಷ್ಟು ಸಿಟ್ಟು ಯಾಕೆ ಅಂತ ಆಮೇಲೆ ಯೋಚಿಸಿದೆ. ನಾನು ಹಿಂದೆ ಇದ್ದ ಕಂಪನಿಯೊಂದರಲ್ಲಿ ಅರ್ಧ ಟೀಮನ್ನ ತೆಗೆಯೋ ದಿನ ಮ್ಯಾನೇಜರ್ ಕರೆದ ಮೀಟಿಂಗಿನ ಮೊದಲ ಸ್ಲೈಡು ಒಂದು ಮೀಮ್ ಆಗಿತ್ತು. ವಾತಾವರಣ ಹಗುರ ಮಾಡೋಕಂತೆ. ನಾವೆಲ್ಲ ಮ್ಯೂಟ್‌ನಲ್ಲಿದ್ದೆವು, ಯಾರು ನಕ್ಕರೋ ಗೊತ್ತಿಲ್ಲ. ಹಗುರ ಆಗಿದ್ದು ಆ ಮನುಷ್ಯನಿಗೆ ಮಾತ್ರ. ಎದುರಿನವರ ಕಷ್ಟ ನೋಡೋಕೆ ಧೈರ್ಯ ಇಲ್ಲದಾಗ ಮಾಡೋ ಜೋಕಿಗೆ ಒಂದು ವಾಸನೆ ಇರುತ್ತೆ. 'ಲವ್ ಅಂಡ್ ಥಂಡರ್' ತುಂಬ ಅದೇ ವಾಸನೆ.

ಲೆಕ್ಕದ ಪ್ರಕಾರ ಸಿನಿಮಾ ಸೋತಿಲ್ಲ. 'ರಾಗ್ನರಾಕ್' ಲೋಕದಾದ್ಯಂತ ಸುಮಾರು 85 ಕೋಟಿ ಡಾಲರ್ ಮಾಡಿದ್ದರೆ, ಇದೂ 76 ಕೋಟಿ ಮಾಡಿತು. ಆದರೆ 2024ರಲ್ಲಿ 'ವ್ಯಾನಿಟಿ ಫೇರ್' ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಹೆಮ್ಸ್‌ವರ್ತ್ ತಾನೇ ಒಪ್ಪಿಕೊಂಡ: ಆಶುಮಾತಿನ ಹುಚ್ಚಾಟದಲ್ಲಿ ಕಳೆದುಹೋಗಿ ನನ್ನದೇ ಅಣಕ ಆಗಿಬಿಟ್ಟೆ ಅಂತ. ದೊಡ್ಡ ಮಾತು. ನಮ್ಮಲ್ಲಿ ಎಷ್ಟು ಹೀರೋಗಳು ಹೀಗೆ ಹೇಳ್ತಾರೆ, ನೀವೇ ಲೆಕ್ಕ ಹಾಕಿ.

ಕೊನೆಯ ಭಾಗ ಚೆನ್ನಾಗಿದೆ, ಅದನ್ನ ಹೇಳದಿದ್ದರೆ ತಪ್ಪಾಗುತ್ತೆ. ಗೋರ್ ಬೇಡಿದ್ದೆಲ್ಲ ಸಿಗೋ ಜಾಗಕ್ಕೆ ತಲುಪಿದ್ದಾನೆ, ತಡೆಯೋ ಬದಲು ಥಾರ್ ಅವನಿಗೆ ಬೆನ್ನು ಹಾಕಿ ಜೇನ್ ಪಕ್ಕ ಬಂದು ಕೂರ್ತಾನೆ. ಉಳಿದ ಸಮಯ ಇವಳ ಜೊತೆ ಇರ್ತೀನಿ ಅಂತ. ಅವಳು ಹೊನ್ನಿನ ಪುಡಿಯಾಗಿ ಅವನ ತೋಳಿನಿಂದ ಹಾರಿಹೋಗ್ತಾಳೆ. ಆಗ ನಾನು ಚಿಕ್ಕಪ್ಪನ ಕಡೆ ನೋಡೋ ಧೈರ್ಯ ಮಾಡಲಿಲ್ಲ. ಅವರೇ ನನ್ನ ಕಡೆ ನೋಡಿ, 'ಮೊದಲಿಂದ ಹಿಂಗೇ ತೆಗೆದಿದ್ರೆ ಆಗ್ತಿರಲಿಲ್ವಾ ಇವರಿಗೆ?' ಅಂದರು.

ಆರನೇ ಸೈಕಲ್ ಮುಗಿದು ಮೂರು ವರ್ಷದ ಮೇಲಾಯ್ತು. ಸ್ಕ್ಯಾನ್‌ಗಳು ಇಲ್ಲಿಯವರೆಗೆ ಸ್ವಚ್ಛ. 2026ರ ಡಿಸೆಂಬರ್‌ಗೆ 'ಅವೆಂಜರ್ಸ್: ಡೂಮ್ಸ್‌ಡೇ' ಬರುತ್ತೆ, ಅದರಲ್ಲಿ ಥಾರ್ ಇದ್ದಾನೆ. ಮೊನ್ನೆ ಸುಮ್ಮನೆ ಕೇಳಿದೆ, ಹೋಗೋಣ್ವಾ ಅಂತ.

'ಆ ಬಿಳಿ ಮುಖದವನು ಬರ್ತಾನಾ, ಮಗಳು ಸತ್ತೋಗಿದ್ದವನು?'

'ಇಲ್ಲ ಚಿಕ್ಕಪ್ಪ, ಅವನು ಹೋದ ಸಲಾನೇ ಸತ್ತ.'

'ಹಂಗಾದ್ರೆ ನೀನೇ ಹೋಗಿ ಬಾ. ನನಗೆ ತಾಲೀಮಿರುತ್ತೆ.'